ಲೆನ್ಸ್ ಕೂರುತ್ತೆ, ಫೋಕಸ್ ಆಗುತ್ತಾ?

(1/3)

ಫೋಟೋದಲ್ಲಿರೋ ಮೂರು ಲೆನ್ಸ್ ನಮ್ಮ ಮಾವಂದು. ವಿಜಯನಗರದಲ್ಲಿ ಅವರದೊಂದು ಚಿಕ್ಕ ಸ್ಟುಡಿಯೋ. ಪಾಸ್‌ಪೋರ್ಟ್ ಫೋಟೋ, ನಾಮಕರಣ, ಗೃಹಪ್ರವೇಶ, ಮದುವೆ ಎಲ್ಲಾ ಮಾಡ್ತಾರೆ. 50, 85, 80-200. ಮೂರೂ ನಿಕಾನ್ ಎಎಫ್-ಡಿ. ಗಾಜಿನ ಮೇಲೆ ಒಂದು ಗೆರೆ ಇಲ್ಲ. ಆದ್ರೆ ಅವರ ಡಿ750 ಬಾಡಿಗೆ ವಯಸ್ಸಾಗಿದೆ, ಮಿರರ್‌ಲೆಸ್ ತಗೋಬೇಕು. "ಬಿಕಾಂ ಓದ್ತಿದ್ದೀಯಲ್ಲ, ಲೆಕ್ಕ ಹಾಕಿ ಹೇಳೋ" ಅಂದ್ರು.

ಲೆಕ್ಕದ ಮೊದಲನೇ ಸಾಲಲ್ಲೇ ತೊಡಕು. ಎಎಫ್-ಡಿ ಲೆನ್ಸ್ ಒಳಗೆ ಮೋಟರ್ ಇರಲ್ಲ. ಮೋಟರ್ ಇರೋದು ಕ್ಯಾಮೆರಾ ಬಾಡಿಯಲ್ಲಿ. ಸ್ಕ್ರೂಡ್ರೈವರ್ ತುದಿಯಂಥ ಒಂದು ಪುಟ್ಟ ಕಡ್ಡಿ ಹೊರಗೆ ಬಂದು, ಲೆನ್ಸ್ ಒಳಗಿನ ಗೇರ್ ತಿರುಗಿಸಿ ಫೋಕಸ್ ಮಾಡುತ್ತೆ. 2006ರಲ್ಲಿ ನಿಕಾನ್ ಡಿ40 ಬಂದಾಗ ಆ ಮೋಟರ್ ಇರಲಿಲ್ಲ. ನಮ್ಮಲ್ಲಿ ಎಷ್ಟೋ ಜನರ ಹತ್ರ ಇರೋ ಡಿ3400, ಡಿ5600ರಲ್ಲೂ ಇಲ್ಲ. 2018ರಲ್ಲಿ ಜೆಡ್ ಕ್ಯಾಮೆರಾಗಳ ಜೊತೆ ಬಂದ ಎಫ್‌ಟಿಜೆಡ್ ಅಡಾಪ್ಟರ್‌ನಲ್ಲೂ ಇಲ್ಲ. ಲೆನ್ಸ್ ಕೂರುತ್ತೆ, ಅಪರ್ಚರ್ ಬದಲಾಗುತ್ತೆ, ಎಕ್ಸ್‌ಪೋಶರ್ ಸರಿಯಾಗಿ ಬರುತ್ತೆ. ಫೋಕಸ್ ಮಾತ್ರ ಕೈಯಲ್ಲೇ ತಿರುಗಿಸಬೇಕು.

(2/3)

ಇದನ್ನ ಕೇಳಿ ನಿಕಾನ್‌ಗೆ ಬಯ್ಯೋ ಮುಂಚೆ ಒಂದು ಹಳೇ ಕಥೆ ಕೇಳಿ.

1987ರಲ್ಲಿ ಕ್ಯಾನನ್ ತನ್ನ ಎಫ್‌ಡಿ ಮೌಂಟನ್ನೇ ಬಿಟ್ಟು ಇಎಫ್ ತಂತು. ಪ್ರತಿ ಲೆನ್ಸ್‌ಗೂ ಒಳಗೇ ಒಂದು ಮೋಟರ್, ಬಾಡಿ ಜೊತೆ ಮಾತುಕತೆ ಎಲ್ಲಾ ವಿದ್ಯುತ್ ಸಂಕೇತದಲ್ಲಿ. ಹಳೇ ಲೆನ್ಸ್ ಹೊಸ ಬಾಡಿಗೆ ಕೂರೋದೇ ಇಲ್ಲ. ದುಡ್ಡು ಸುರಿದು ಎಫ್‌ಡಿ ಲೆನ್ಸ್ ತಗೊಂಡಿದ್ದವರ ಹೊಟ್ಟೆ ಎಷ್ಟು ಉರಿದಿರಬೇಕು ಯೋಚಿಸಿ! ನಿಕಾನ್ ಹಾಗೆ ಮಾಡಲಿಲ್ಲ. 1959ರ ಎಫ್ ಮೌಂಟನ್ನೇ ಇಟ್ಕೊಂಡು, ಮೋಟರನ್ನ ಬಾಡಿಗೆ ಹಾಕ್ತು.

ಈಗ 2018ಕ್ಕೆ ಬನ್ನಿ. ಎರಡೂ ಕಂಪನಿ ಹೊಸ ಮೌಂಟ್ ತಂದ್ವು. ಕ್ಯಾನನ್‌ನ ಅಡಾಪ್ಟರ್ ಹಾಕಿದ್ರೆ 1987ರ ಇಎಫ್ ಲೆನ್ಸೂ ಆರ್‌ಎಫ್ ಬಾಡಿಯಲ್ಲಿ ತಾನಾಗೇ ಫೋಕಸ್ ಮಾಡುತ್ತೆ, ಯಾಕಂದ್ರೆ ಮೋಟರ್ ಲೆನ್ಸ್ ಒಳಗೇ ಇದೆ. ನಿಕಾನ್‌ನ ಎಎಫ್-ಡಿ ಮಾತ್ರ ಸಿಕ್ಕಿಹಾಕ್ಕೊಳ್ತು. ಒಬ್ಬರು ನೋವನ್ನ ಅವತ್ತೇ ಕೊಟ್ಟು ಮುಗಿಸಿದ್ರು. ಇನ್ನೊಬ್ಬರು ಮುಂದೂಡಿದ್ರು, ಅದು ಮಾವನ ಸ್ಟುಡಿಯೋವರೆಗೂ ಬಂತು.

ಇನ್ನೂ ಒಂದು ತಮಾಷೆ ಇದೆ. ಎಫ್‌ಡಿ ಲೆನ್ಸ್ ಸೆನ್ಸರ್‌ನಿಂದ 42 ಮಿ.ಮೀ. ದೂರ ಇರಬೇಕು, ಇಎಫ್ ಬಾಡಿಯಲ್ಲಿ ಆ ದೂರ 44. ಎರಡು ಮಿ.ಮೀ. ಜಾಸ್ತಿ ಆಗಿದ್ದಕ್ಕೆ ಬರೀ ಉಂಗುರ ಹಾಕಿದ್ರೆ ದೂರದ ವಸ್ತು ಫೋಕಸ್ ಆಗ್ತಿರಲಿಲ್ಲ. ಆರ್‌ಎಫ್‌ನಲ್ಲಿ ಆ ದೂರ ಬರೀ 20. ಮಧ್ಯೆ 22 ಮಿ.ಮೀ. ದಪ್ಪದ ಒಂದು ಉಂಗುರ ಸಾಕು. ಕ್ಯಾನನ್ ಕೈಬಿಟ್ಟ ಲೆನ್ಸ್ ಮೂವತ್ತು ವರ್ಷದ ಮೇಲೆ ಕ್ಯಾನನ್ ಬಾಡಿಗೇ ವಾಪಸ್ ಬಂತು, ಮ್ಯಾನ್ಯುಯಲ್ ಫೋಕಸ್ ಆದರೂ!

(3/3)

ನಮ್ಮ ಅಕೌಂಟ್ಸ್ ಪುಸ್ತಕದಲ್ಲಿ ಡಿಪ್ರಿಸಿಯೇಷನ್‌ಗೆ ಕಾರಣ ಕೊಡ್ತಾರಲ್ಲ, ಒಂದು ಸವೆತ, ಇನ್ನೊಂದು ಅಬ್ಸಲೆಸೆನ್ಸ್. ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆ. ಅರ್ಥ ಆಗಿದ್ದು ಈ ಲೆನ್ಸ್ ನೋಡಿದ ಮೇಲೆ. ವಸ್ತು ಕೆಟ್ಟಿಲ್ಲ, ಅದು ಕೂರೋ ಜಾಗ ಬದಲಾಯ್ತು, ಬೆಲೆ ಬಿತ್ತು.

"ಕೈಯಲ್ಲೇ ಫೋಕಸ್ ಮಾಡಿದ್ರಾಯ್ತು" ಅಂತೀರಾ? ನವರಂಗ್ ಹತ್ರ ಹೂವಿನ ಅಂಗಡಿ ತೆಗೆಯೋ ನನಗೆ ಸರಿ. ಮಾಂಗಲ್ಯಧಾರಣೆಗೆ ಸಿಗೋದು ಕೆಲವೇ ಸೆಕೆಂಡ್. ಗಟ್ಟಿಮೇಳ, ಅಕ್ಷತೆ, ಅಡ್ಡ ಬರೋ ಹತ್ತು ಮೊಬೈಲ್. ತಪ್ಪಿದ್ರೆ "ಇನ್ನೊಂದ್ಸಲ ಕಟ್ಟಿ" ಅನ್ನೋಕಾಗಲ್ಲ. ಅದಕ್ಕೇ ನನ್ನ ಲೆಕ್ಕ ಹೀಗೆ: ಮುಹೂರ್ತಕ್ಕೆ ಬೇಕಾದ ಒಂದೇ ಲೆನ್ಸ್ ಹೊಸದು. ನಿಲ್ಲಿಸಿ ತೆಗೆಯೋ ಫೋಟೋಗೆ 85 ಅಡಾಪ್ಟರ್‌ನಲ್ಲಿ. ಡಿ750 ಮಾರೋದು ಬೇಡ, ಹಳೇ ಲೆನ್ಸ್‌ಗಳಿಗೆ ಅದೇ ಮೋಟರ್.

ನೀವು ಸೆಕೆಂಡ್ ಹ್ಯಾಂಡ್ ತಗೊಳ್ಳೋಕೆ ಹೊರಟಿದ್ರೆ, "ಈ ಲೆನ್ಸ್ ಇದಕ್ಕೆ ಹಾಕಬಹುದಾ?" ಅಂತ ಮಾತ್ರ ಕೇಳಬೇಡಿ. "ಹೂಂ" ಅಂತಾರೆ, ಅದು ಸುಳ್ಳೂ ಅಲ್ಲ. ಹೀಗೆ ಕೇಳಿ: ಕೂರುತ್ತಾ? ಮೀಟರ್ ಓದುತ್ತಾ? ತಾನಾಗೇ ಫೋಕಸ್ ಆಗುತ್ತಾ? ಮೂರಕ್ಕೂ ಉತ್ತರ ಅಂಗಡಿಯಲ್ಲೇ, ನಿಮ್ಮ ಬಾಡಿಗೆ ಹಾಕಿ ನೋಡಿ ತಗೊಳ್ಳಿ.

ನಿಮ್ಮ ಮನೆ ಬೀರುವಲ್ಲಿ ಯಾವ ಹಳೇ ಲೆನ್ಸ್ ಇದೆ? ಹೆಸರು ಕಾಮೆಂಟ್ ಮಾಡಿ, ಯಾವ ಬಾಡಿಗೆ ಎಷ್ಟು ಕೆಲಸ ಮಾಡುತ್ತೆ ಅಂತ ಒಟ್ಟಿಗೆ ಹುಡುಕೋಣ.

#ಹಳೇಲೆನ್ಸ್ #ವಿಜಯನಗರ #ಬಿಕಾಂಲೆಕ್ಕ