ಕೇಳುವ ತಂತಿ

ಕನ್ನಡ ಪಾಠ ಹೇಳುವವನ ಮೇಜಿನ ಮೇಲೆ ಕುಮಾರವ್ಯಾಸನಿರಬಹುದು, ತಿದ್ದದೆ ಉಳಿದ ಉತ್ತರಪತ್ರಿಕೆಗಳ ಕಟ್ಟಿರಬಹುದು. ಬೆಸುಗೆಯ ಕಡ್ಡಿ, ತಾಮ್ರದ ತಂತಿಯ ಸುರುಳಿ, ಫೆರೈಟಿನ ತುಂಡುಗಳು ಇರುವುದು ಉಚಿತವಲ್ಲವೆಂದು ನನ್ನ ಸಹೋದ್ಯೋಗಿಗಳ ಅಭಿಪ್ರಾಯ. ಭೌತಶಾಸ್ತ್ರದ ಮಿತ್ರರೊಬ್ಬರಂತೂ, "ನಾವೇನು ನಿಮ್ಮ ಪಂಪನ ಮೇಲೆ ಕೈ ಹಾಕಿದ್ದೇವೆಯೆ?" ಎಂದು ಕೇಳಿಯೇಬಿಟ್ಟರು. 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ 'ಆಕಾಶವಾಣಿ'ಯನ್ನು ನಡೆಸಿದ ಎಂ. ವಿ. ಗೋಪಾಲಸ್ವಾಮಿಯವರು ಮನಃಶಾಸ್ತ್ರದ ಪ್ರಾಧ್ಯಾಪಕರು ಎಂದು ಉತ್ತರ ಕೊಟ್ಟೆ. ಮಿತ್ರರು ಸುಮ್ಮನಾದರು, ಒಪ್ಪಿದರೆಂದು ಹೇಳಲಾರೆ.

ನಾನು ಸರ್ಕಾರದ ಪರೀಕ್ಷೆ ಬರೆದು ಲೈಸೆನ್ಸ್ ಪಡೆದ ಹವ್ಯಾಸಿ ರೇಡಿಯೊದವನು. 'ಹ್ಯಾಮ್' ಎಂದರೆ ಹೆಚ್ಚು ಜನಕ್ಕೆ ಗೊತ್ತಾಗುತ್ತದೆ. ಅದರಲ್ಲೂ ನನಗೆ ಹುಚ್ಚು ಹಿಡಿದದ್ದು 160 ಮೀಟರಿನ ಅಲೆಗಳ ಮೇಲೆ. ಇದು ಸಜ್ಜನರು ಮಲಗಿದ ಹೊತ್ತಿನಲ್ಲಿ ಮಾಡುವ ವಿದ್ಯೆ. ಹಗಲಿನಲ್ಲಿ ಈ ಅಲೆಗಳನ್ನು ಮೇಲಿನ ಆಕಾಶದ ಕೆಳಪದರವೊಂದು ನುಂಗಿಹಾಕುತ್ತದೆ. ಕತ್ತಲಾದ ಮೇಲೆ ಆ ಪದರ ಕರಗಿ, ಅಲೆಗಳು ಇನ್ನೂ ಮೇಲಕ್ಕೆ ಹೋಗಿ ಪುಟಿದು ದೂರ ದೇಶಗಳನ್ನು ಮುಟ್ಟುತ್ತವೆ. ಅದೂ ಚಳಿಗಾಲದಲ್ಲಿ, ಬೇಸಗೆಯಲ್ಲಾದರೆ ಎಲ್ಲೆಲ್ಲಿಯದೋ ಸಿಡಿಲಿನ ಕರಕರ.

ಕಾಲೇಜಿರುವ ಊರಿನ ಮನೆಯಲ್ಲಿ ನನಗೆ ಎಲ್ಲ ಕಾಲದಲ್ಲಿಯೂ ಕರಕರವೇ. ಎದುರುಮನೆಯ ಎಲ್‌ಇಡಿ ದೀಪ, ಪಕ್ಕದವರ ಇನ್ವರ್ಟರು, ಬೀದಿಯವರೆಲ್ಲರ ಮೊಬೈಲ್ ಚಾರ್ಜರು, ಒಂದೊಂದೂ ತನ್ನ ಪಾಲಿನ ಸದ್ದನ್ನು ಗಾಳಿಗೆ ಬಿಡುತ್ತದೆ. ಬೀದಿಯಲ್ಲಿ ಕರೆಂಟು ಹೋದರೆ ಹಿಗ್ಗುವವನು ನಾನೊಬ್ಬನೇ. ಧ್ವನಿಯನ್ನು ಏರಿಸಿ ನೋಡಿದೆ. ಸದ್ದೂ ಜೊತೆಯಲ್ಲೇ ಏರಿತು.

ಇದೇ ದೂರನ್ನು ನಾನು ಇನ್ನೊಬ್ಬರ ಬಾಯಲ್ಲಿ ಕೇಳಿದ್ದೆ. ಸಾಗರ ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿ ಅಪ್ಪಯ್ಯ ಇದ್ದಾರೆ. ಎಂಬತ್ತು ದಾಟಿದೆ, ಕಿವಿ ಮಂದ. ನಾನು ಕೊಡಿಸಿದ ಶ್ರವಣಯಂತ್ರವನ್ನು ಹದಿನೈದು ದಿನ ಹಾಕಿಕೊಂಡು ಆಮೇಲೆ ಎಲೆಯಡಿಕೆಯ ತಟ್ಟೆಯಲ್ಲಿ ಇಟ್ಟುಬಿಟ್ಟರು. "ಎಲ್ಲಾ ಜೋರಾಗಿ ಕೇಳ್ತದೆ ಮಾರಾಯ, ಮಾತೊಂದು ಬಿಟ್ಟು" ಎಂದರು. ನನಗೆ ಸಿಟ್ಟು ಬಂತು. ಅದರ ಬೆಲೆ ಎಷ್ಟೆಂದು ಹೇಳಿದೆ. ಬೆಲೆ ಅವರಿಗೆ ಚೆನ್ನಾಗಿಯೇ ಕೇಳಿಸಿತು. ಹೇಳಿಕೊಳ್ಳಬೇಕಾದ ಮಾತೆಂದರೆ, ನಮ್ಮಿಬ್ಬರ ನಡುವೆ ಮಾತು ಕಡಿಮೆಯಾದದ್ದು ಅವರ ಕಿವಿ ಕೆಡುವುದಕ್ಕೂ ಮೊದಲೇ. ಅಡಿಕೆ ತೋಟ ಬಿಟ್ಟು ಹಳಗನ್ನಡದ ಹಿಂದೆ ಹೋದವನು ನಾನು. 'ಮುಂದೆ ತೋಟದ ಗತಿ ಏನು' ಎಂಬುದನ್ನು ಅವರು ಕೇಳುತ್ತಿರಲಿಲ್ಲ, ನಾನು ಹೇಳುತ್ತಿರಲಿಲ್ಲ. ಕಿವಿಯ ಮಾಂದ್ಯ ಇಬ್ಬರಿಗೂ ಒಳ್ಳೆಯ ನೆಪವಾಯಿತು.

ನನ್ನ ರೇಡಿಯೊದ ರೋಗಕ್ಕೆ ಮದ್ದು ನೂರು ವರ್ಷದ ಹಿಂದಿನದು. ಹೆರಾಲ್ಡ್ ಬೆವರೇಜ್ ಎಂಬ ಅಮೆರಿಕದ ಎಂಜಿನಿಯರ್ ಕಂಡುಹಿಡಿದ ಆಂಟೆನಾ ಅದು. (ಪಾನೀಯಕ್ಕೂ ಅವರಿಗೂ ಕಾಗುಣಿತದ ನಂಟು ಮಾತ್ರ.) 1921ರ ಡಿಸೆಂಬರಿನಲ್ಲಿ ಪಾಲ್ ಗಾಡ್ಲಿ ಎಂಬವರು ಸ್ಕಾಟ್ಲೆಂಡಿನ ಆರ್ಡ್ರಾಸನ್ ಎಂಬ ಕಡಲೂರಿನಲ್ಲಿ ಮಳೆಗಾಳಿಯ ನಡುವೆ ಗುಡಾರ ಹೂಡಿ, ಇಂಥದೇ ಸುಮಾರು 1300 ಅಡಿ ತಂತಿ ಎಳೆದು, ಅಟ್ಲಾಂಟಿಕ್ಕಿನ ಆಚೆಯ ಇಪ್ಪತ್ತಕ್ಕೂ ಹೆಚ್ಚು ಹವ್ಯಾಸಿಗಳನ್ನು ಕೇಳಿದರು. ಆಂಟೆನಾ ಎಂದರೆ ಗೋಪುರ ಕಲ್ಪಿಸಿಕೊಳ್ಳಬೇಡಿ. ಆಳೆತ್ತರಕ್ಕಿಂತ ತುಸು ಮೇಲೆ, ನೆಲಕ್ಕೆ ಸಮನಾಗಿ ಎಳೆದ ಒಂದೇ ತಂತಿ; ಒಂದು ಅಲೆಯಷ್ಟಾದರೂ ಉದ್ದವಿದ್ದರೆ ಒಳ್ಳೆಯದು. ಕೇಳಬೇಕಾದ ದಿಕ್ಕಿನ ತುದಿಯನ್ನು ಸುಮಾರು 450 ಓಮಿನ ರೋಧಕವೊಂದರ ಮೂಲಕ ಭೂಮಿಗೆ ಇಳಿಸಬೇಕು. ಬೆನ್ನ ಹಿಂದಿನಿಂದ ಬಂದ ಸದ್ದು ತಂತಿಯುದ್ದಕ್ಕೂ ಓಡಿ ಅಲ್ಲಿ ಬಿಸಿಯಾಗಿ ಕರಗಿಹೋಗುತ್ತದೆ. ಇದು ಬಹು ಸೋಮಾರಿ ಆಂಟೆನಾ. ಬರುವ ಸಂಕೇತವನ್ನು ತೀರ ಕ್ಷೀಣವಾಗಿ ಹಿಡಿಯುತ್ತದೆ. ಆದರೆ ಸದ್ದನ್ನು ಅದಕ್ಕಿಂತಲೂ ಕಡಿಮೆ ಹಿಡಿಯುತ್ತದೆ. ಇನ್ನೊಂದು ವಿಚಿತ್ರ: ಒಳ್ಳೆಯ ತೇವದ ನೆಲದ ಮೇಲೆ ಇದು ಸಪ್ಪೆ, ಕೆಟ್ಟ ಜಂಬಿಟ್ಟಿಗೆ ನೆಲದ ಮೇಲೆ ಚುರುಕು. ಕೆಟ್ಟ ನೆಲದ ಮೇಲೆ ಹಾಯುವ ಅಲೆ ಮುಂದಕ್ಕೆ ವಾಲುತ್ತದಂತೆ. ತಂತಿ ಹಿಡಿಯುವುದು ಆ ವಾಲಿಕೆಯನ್ನೇ. ನಮ್ಮ ಸೊಪ್ಪಿನ ಬೆಟ್ಟದ ನೆಲವನ್ನು ಮೆಚ್ಚಿದ ವಸ್ತು ನನಗೆ ತಿಳಿದ ಮಟ್ಟಿಗೆ ಇದೊಂದೇ.

2022ರ ಮೇ ತಿಂಗಳಲ್ಲಿ ಬೆಟ್ಟದ ಮರದಿಂದ ಮರಕ್ಕೆ 170 ಮೀಟರು ತಂತಿಯನ್ನು ವಾಯವ್ಯಕ್ಕೆ, ಎಂದರೆ ಯೂರೋಪಿನ ಕಡೆಗೆ, ಎಳೆದೆ. ಕಡವೆಯ ಕೊಂಬಿಗೆ ಸಿಗಬಾರದೆಂದು ಮೂರು ಮೀಟರು ಎತ್ತರ. ಪಕ್ಕದ ತೋಟದವರು ಬಂದು, ಬಹಳ ಹೊತ್ತು ನೋಡಿ, "ಹಂದಿ ಬೇಲಿಗೆ ಒಂದೇ ತಂತಿ ಸಾಕಾ ಮೇಷ್ಟ್ರೆ? ಅದೂ ಅಷ್ಟು ಮೇಲೆ?" ಎಂದರು. ಮನೆಯ ಕಡೆಯ ತುದಿಯಲ್ಲಿ ಒಂದು ಪುಟ್ಟ ಟ್ರಾನ್ಸ್‌ಫಾರ್ಮರು: ಫೆರೈಟಿನ ಮೇಲೆ ತಂತಿಯ ಕಡೆಗೆ ಐದು ಸುತ್ತು, ರೇಡಿಯೊದ ಕಡೆಗೆ ಎರಡು ಸುತ್ತು. ಅಲ್ಲಿಂದ ಮನೆಗೆ 75 ಓಮಿನ ಟೀವಿ ಕೇಬಲ್ಲು. ಟ್ರಾನ್ಸ್‌ಫಾರ್ಮರನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು, ಅಂಗಡಿಯಿಂದ ತಂದ ಹುಳಿ ವಾಸನೆಯ ಸಿಲಿಕೋನನ್ನು ಸಂದುಗೊಂದಿಗೆಲ್ಲ ಮೆತ್ತಿ, ಒಂದು ಹನಿಯೂ ಹೋಗದಂತೆ ಮುಚ್ಚಿದೆನೆಂದು ಬೀಗಿದೆ.

ಮಲೆನಾಡಿನ ನಾಲ್ಕು ತಿಂಗಳ ಮಳೆಯ ಮುಂದೆ ಬೀಗಬಾರದು. ನವೆಂಬರಿನಲ್ಲಿ ರೇಡಿಯೊ ಹಚ್ಚಿದರೆ ತಂತಿ ಸತ್ತಿತ್ತು. ಡಬ್ಬಿ ಬಿಚ್ಚಿದರೆ ಒಳಗೆ ಬೆರಳ ದಪ್ಪ ನೀರು. ಹನಿ ಹೊಕ್ಕಿರಲಿಲ್ಲ, ಉಸಿರು ಹೊಕ್ಕಿತ್ತು. ಹಗಲಿನ ಬಿಸಿಗೆ ಡಬ್ಬಿಯ ಗಾಳಿ ಹಿಗ್ಗಿ ಹೊರಗೆ ಹೋಗುತ್ತದೆ, ರಾತ್ರಿಯ ತಂಪಿಗೆ ಕುಗ್ಗಿ, ಕಣ್ಣಿಗೆ ಕಾಣದ ಸಂದಿನಿಂದ ತೇವದ ಗಾಳಿಯನ್ನು ಒಳಗೆಳೆಯುತ್ತದೆ; ತೇವ ಒಳಗೇ ನೀರಾಗುತ್ತದೆ. ಬಂದ ನೀರಿಗೆ ಹೋಗಲು ದಾರಿಯಿಲ್ಲ. ಕೇಬಲ್ಲಿನ ಹೊರಹೆಣಿಗೆಯಂತೂ ದೀಪದ ಬತ್ತಿ ಎಣ್ಣೆ ಎಳೆಯುವಂತೆ ಆ ನೀರನ್ನು ಮಾರುದೂರ ಎಳೆದುಕೊಂಡಿತ್ತು. ಹುಳಿ ವಾಸನೆಯ ಸಿಲಿಕೋನು ಒಣಗುವಾಗ ಬಿಡುವ ಆಮ್ಲ ತಾಮ್ರಕ್ಕೆ ಆಗದು ಎಂಬುದನ್ನೂ ಆಮೇಲೆ ಕಲಿತೆ. ತಂತಿಯ ತುದಿಯೆಲ್ಲ ಹಸಿರು ಕಿಲುಬು.

ಜಗಲಿಯಲ್ಲಿ ಅದನ್ನು ಹರಡಿಕೊಂಡು ಕೂತಿದ್ದಾಗ ಅಪ್ಪಯ್ಯ ಬಂದು ಎತ್ತಿ ನೋಡಿದರು.

"ಇದಕ್ಕೂ ಮೈಲುತುತ್ತ ಹೊಡೆದಿಯೇನೋ?"

ನಾನು ಕೂಗಿ ಕೂಗಿ ಕಥೆ ಹೇಳಿದೆ. ಎಷ್ಟು ಕೇಳಿಸಿತೋ. ಡಬ್ಬಿಯನ್ನು ಹಿಂದುಮುಂದು ತಿರುಗಿಸಿ, "ಕೊನೆಗೆ ಕೊಟ್ಟೆ ಕಟ್ತೇವಲ್ಲ, ಅಡಿಗೆ ಬಾಯಿ ಕಟ್ತೇವೋ?" ಎಂದು ಕೇಳಿದರು. "ಮೇಲಿಂದ ಬರೋ ನೀರು ತಡೆದರೆ ಆಯ್ತು. ಅಡಿಗೂ ಕಟ್ಟಿದರೆ ಕಾಯಿ ಒಳಗೇ ಕೊಳೀತದೆ."

ಅಡಿಕೆ ಗೊನೆಗೆ ಮಳೆಗಾಲದ ಮೊದಲು ಕೊಟ್ಟೆ ಕಟ್ಟುವುದನ್ನು ನಾನು ಹುಟ್ಟಿದಾಗಿನಿಂದ ನೋಡಿದ್ದೆ.

2023ರ ಮೇ ತಿಂಗಳಲ್ಲಿ ಎಲ್ಲವನ್ನೂ ಮತ್ತೆ ಕಟ್ಟಿದೆ. ಅಪ್ಪಯ್ಯನೂ ದೊಣ್ಣೆಯೂರಿಕೊಂಡು ಬೆಟ್ಟಕ್ಕೆ ಬಂದು ಕಲ್ಲಿನ ಮೇಲೆ ಕೂತರು. ಡಬ್ಬಿಯ ತಳಕ್ಕೆ ಎರಡು ಸಣ್ಣ ತೂತು. ಇರುವೆ ಸಂಸಾರ ಹೂಡದಂತೆ ತೂತಿಗೆ ನವುರಾದ ಜಾಲರಿ. ಕೇಬಲ್ಲು ಕೆಳಗಿನಿಂದಲೇ ಒಳಗೆ ಹೋಗಬೇಕು, ಹೋಗುವ ಮೊದಲು ಒಮ್ಮೆ ಕೆಳಕ್ಕೆ ಬಾಗಬೇಕು. ಹರಿದು ಬಂದ ಹನಿ ಆ ಬಾಗಿನಲ್ಲಿ ಉದುರಿಹೋಗುತ್ತದೆ. ಜೋಡಣೆಗೆ ತನಗೆ ತಾನೇ ಬೆಸೆದುಕೊಳ್ಳುವ ರಬ್ಬರ್ ಟೇಪನ್ನು ಚೆನ್ನಾಗಿ ಜಗ್ಗಿ ಸುತ್ತಬೇಕು, ಬಿಸಿಲಿಗೆ ಹಾಳಾಗದಂತೆ ಮೇಲೆ ಮಾಮೂಲಿ ಟೇಪು. ನಾನು ಮೇಲಿನಿಂದ ಕೆಳಕ್ಕೆ ಸುತ್ತುತ್ತಿದ್ದೆ.

"ಹೆಂಚು ಸೂರಿನಿಂದ ಹೊದಿಸ್ತಾರೋ, ನೆತ್ತಿಯಿಂದಲೋ?" ಎಂದರು ಅಪ್ಪಯ್ಯ. ಬಿಚ್ಚಿ ಕೆಳಗಿನಿಂದ ಮೇಲಕ್ಕೆ ಸುತ್ತಿದೆ. ಈಗ ಮೇಲಿನ ಸುತ್ತು ಕೆಳಗಿನದರ ಮೇಲೆ ಕೂತಿತು.

ಆಗ ನನಗೆ ಒಂದು ಸಂಗತಿ ಹೊಳೆಯಿತು. ನಾನು ಕೂಗುತ್ತಿರಲಿಲ್ಲ. ಬೆಟ್ಟದಲ್ಲಿ ಟೀವಿ ಇಲ್ಲ, ಮಿಕ್ಸಿ ಇಲ್ಲ, ನೀರಿನ ಪಂಪಿನ ಸದ್ದು ಅಷ್ಟು ದೂರ ಬರುವುದಿಲ್ಲ. ನಾನು ಅವರ ಎದುರಿಗೇ ಕುಕ್ಕರಗಾಲಿನಲ್ಲಿ ಕೂತಿದ್ದೆ. ಸಾಮಾನ್ಯ ಧ್ವನಿಯಲ್ಲಿ ಆಡಿದ ಮಾತು ಅವರಿಗೆ ಕೇಳುತ್ತಿತ್ತು. ಅವರಿಗೂ ಹೊಳೆದಿರಬೇಕು. ಸ್ವಲ್ಪ ಹೊತ್ತು ಬಿಟ್ಟು, "ತೋಟ ಮಾರಬೇಡ ಅಂತ ನಾ ಹೇಳೋದಿಲ್ಲ. ಮಾರೋದಿದ್ದರೆ ನಾನಿದ್ದಾಗ ಹೇಳು" ಎಂದರು.

"ಇನ್ನೂ ಏನೂ ಯೋಚಿಸಿಲ್ಲ ಅಪ್ಪಯ್ಯ" ಎಂದೆ. ಅದು ನಿಜವಾಗಿತ್ತು. ಎರಡನೆಯ ಸಲ ಹೇಳಬೇಕಾಗಲಿಲ್ಲ.

ಡಬ್ಬಿ ಆ ಮಳೆಗಾಲವನ್ನು ದಾಟಿತು. ಬಿಚ್ಚಿ ನೋಡಿದಾಗ ತಾಮ್ರ ಹೊಸತರಂತೆ ಕೆಂಪಗಿತ್ತು. ಜಾಲರಿಯ ಹೊರಗೆ ಒಂದು ಜೇಡ ಮನೆ ಮಾಡಿತ್ತು, ಇರಲಿ ಎಂದು ಬಿಟ್ಟೆ.

ಅದೇ ಡಿಸೆಂಬರಿನ ಒಂದು ಬೆಳಗಿನ ಜಾವ, ಆರು ಗಂಟೆಯ ಹೊತ್ತು. ನಮ್ಮಲ್ಲಿ ಇನ್ನೂ ಕತ್ತಲು, ಯೂರೋಪಿನಲ್ಲಿ ನಡುರಾತ್ರಿ ಕಳೆದಿತ್ತಷ್ಟೆ. ಕರೆಂಟು ಹೋಗಿತ್ತು, ರೇಡಿಯೊ ಬ್ಯಾಟರಿಯಲ್ಲಿ ನಡೆಯುತ್ತಿತ್ತು. ಸದ್ದಿನ ತಳದಿಂದ ತೆಳ್ಳಗೆ ಮೋರ್ಸ್ ಮೇಲೆದ್ದಿತು. ಎಲ್ ಜೆಡ್ ಎಂದು ಶುರುವಾಗುವ ಹೆಸರು: ಬಲ್ಗೇರಿಯಾ. ಅಪ್ಪಯ್ಯ ಬಚ್ಚಲಿಗೆ ಬೆಂಕಿ ಹಾಕಿ ಬಂದು ಬಾಗಿಲಲ್ಲಿ ನಿಂತಿದ್ದರು. ಹೆಡ್‌ಫೋನನ್ನು ಅವರ ಕಿವಿಗೆ ಹಾಕಿದೆ. ಮುಖದಲ್ಲಿ ಏನೂ ಕಾಣಲಿಲ್ಲ. ಮುಪ್ಪಿನಲ್ಲಿ ಮೊದಲು ಹೋಗುವುದು ಕೀಚಲು ಸ್ವರ, ತಗ್ಗಿನದು ಉಳಿದಿರುತ್ತದೆ. ಗುಂಡಿ ತಿರುಗಿಸಿ ಸ್ವರವನ್ನು ಕೆಳಗಿಳಿಸುತ್ತ ಹೋದೆ. ಅವರ ತೋರುಬೆರಳು ಮೊಣಕಾಲಿನ ಮೇಲೆ ಕುಟ್ಟತೊಡಗಿತು. ಉದ್ದ, ಗಿಡ್ಡ, ಉದ್ದ, ಗಿಡ್ಡ. ತಪ್ಪಿರಲಿಲ್ಲ.

"ಏನು ಹೇಳ್ತಾನೆ?"

"ಯಾರಾದರೂ ಇದ್ದೀರಾ ಅಂತ ಕೇಳ್ತಿದಾನೆ."

"ಇದ್ದೇವೆ ಅಂತ ಹೇಳು ಮತ್ತೆ."

ಹೇಳಿದೆ, ಮೂರು ಸಲ. ಹೇಳುವ ತಂತಿ ಬೇರೆ, ಅದು ಮನೆಯ ಹಿಂದಿನ ಹಲಸಿನ ಮರದ್ದು, ಗಿಡ್ಡ, ಅವನಿಗೆ ಕೇಳಿಸಲಿಲ್ಲ. ಅವನು ಕೇಳುತ್ತಲೇ ಇದ್ದ. ಕಿಟಕಿ ಬೆಳ್ಳಗಾದಂತೆ ಸ್ವರ ನವೆಯುತ್ತ ಬಂತು. ಒಳಗಿನಿಂದ ಅಮ್ಮ ಕಾಫಿಗೆ ಕರೆದರು. ನಾನು ಎದ್ದೆ. ಅಪ್ಪಯ್ಯನ ಬೆರಳು ಇನ್ನೂ ಕುಟ್ಟುತ್ತಿತ್ತು.