ಕೂಲಂಟ್ ಎಲ್ಲಿಗೆ ಹೊಂಟೈತಿ?

ಎಂಜಿನಿಯರಿಂಗ್ ಸೇರಿದ ಮೇಲೆ ಊರಿಗೆ ಹೋದಾಗೆಲ್ಲಾ ಒಂದು ಕಾಟ. ಮಿಕ್ಸರ್ ಕೆಟ್ಟರೂ, ಬೋರಿನ ಮೋಟರ್ ಕೆಟ್ಟರೂ "ಎಂಜಿನಿಯರಿಂಗ್ ಓದಾಕತ್ತಿ, ಸ್ವಲ್ಪ ನೋಡು" ಅಂತಾರೆ. ನಿಮ್ಮ ಮನೆಯಲ್ಲೂ ಇದೇ ಕಥೆ ಇರಬೇಕು. ಈ ಸಲ ಸರದಿ ನಮ್ಮ ಕಾರಿನದು. ನಾವು ಅಂದ್ರೆ ಇಲ್ಲಿ ಇಬ್ಬರು: ಮೆಕ್ಯಾನಿಕಲ್ ಎರಡನೇ ವರ್ಷದ ಅಣ್ಣ, ಪಿಯುಸಿ ಓದೋ ತಂಗಿ.

ಮನೆ ಮೂಡಲಗಿಯಲ್ಲಿ. ಕಾರು ಏಳು ಸೀಟಿನ ಹಳೆಯ ಡೀಸೆಲ್ ಎಸ್‌ಯುವಿ. ಆಯಿಯನ್ನು ಗೋಕಾಕದ ಡಾಕ್ಟರ್ ಹತ್ತಿರ ಕರೆದೊಯ್ಯಲು, ಹುಕ್ಕೇರಿಯ ಅತ್ತೆ ಮನೆಗೆ ಹೋಗಲು, ಎಲ್ಲದಕ್ಕೂ ಅದೊಂದೇ. ದಸರೆ ಹೊತ್ತಿಗೆ ಅದರ ಕೂಲಂಟ್ ಡಬ್ಬಿ ಇಳಿಯತೊಡಗಿತು. ರಾತ್ರಿ ಕಾರಿನ ಕೆಳಗೆ ರಟ್ಟು ಹಾಸಿ ನೋಡಿದ್ವಿ. ಬೆಳಗ್ಗೆ ಒಂದು ಹನಿಯೂ ಇಲ್ಲ. ಅಪ್ಪ ಬೋರಿನ ನೀರು ತುಂಬಿದ ಬಾಟಲಿಯನ್ನು ಡಿಕ್ಕಿಯಲ್ಲೇ ಇಟ್ಟುಕೊಂಡ್ರು. ಇಳಿದಾಗ ಹಾಕೋದು, ಮುಂದೆ ಹೋಗೋದು.

ಒಂದು ಗ್ಯಾರೇಜಿನಲ್ಲಿ ರಬ್ಬರ್ ಪೈಪು ಬದಲಿಸಿದ್ರು. ಡಬ್ಬಿ ಮತ್ತೆ ಇಳೀತು. ಎರಡನೇ ಸಲ ಹೋದಾಗ "ಹೆಡ್ ಗ್ಯಾಸ್ಕೆಟ್ ಹೋಗೇತ್ರಿ, ಎಂಜಿನ್ ಬಿಚ್ಚಬೇಕು" ಅಂದ್ರು. ಅವರು ಹೇಳಿದ ಖರ್ಚು ಹೆಚ್ಚುಕಮ್ಮಿ ನಮ್ಮ ಒಂದು ವರ್ಷದ ಹಾಸ್ಟೆಲ್ ಫೀಸು. ಅಪ್ಪ ಏನೂ ಮಾತಾಡಲಿಲ್ಲ. ಅವರು ಸುಮ್ಮನಾದ್ರೆ ನಮಗೆ ಹೆಚ್ಚು ಭಯ.

ಡಿಸೆಂಬರ್ ರಜೆಯಲ್ಲಿ ಹುಕ್ಕೇರಿಗೆ ಹೊರಟಿದ್ವಿ. ಕಬ್ಬಿನ ಹಂಗಾಮು. ಗೋಕಾಕ ದಾಟಿದ ಮೇಲೆ ಎರಡು ಟ್ರೇಲರ್ ಕಬ್ಬು ಎಳೀತಿದ್ದ ಟ್ರ್ಯಾಕ್ಟರ್ ಹಿಂದೆ ಸಿಕ್ಕಿಬಿದ್ವಿ. ಏರಿನಲ್ಲಿ ಟೆಂಪರೇಚರ್ ಮುಳ್ಳು ಮೇಲೇರಿತು. ಹಿಂದಿನ ಸೀಟಿನಲ್ಲಿ ಆಯಿ. ಅಪ್ಪ ಗಾಡಿ ಬದಿಗೆ ಹಾಕಿ ಬಾನೆಟ್ ಎತ್ತಿ, ಕೈಗೆ ಟವೆಲ್ ಸುತ್ತಿಕೊಂಡು ಮುಚ್ಚಳಕ್ಕೆ ಕೈ ಹಾಕಿದ್ರು. ತಂಗಿ ಓಡಿಬಂದು ಕೈ ಹಿಡಿದಳು: "ಅಪ್ಪಾ, ಬ್ಯಾಡ!"

ಥರ್ಮೋಡೈನಾಮಿಕ್ಸ್ ಪರೀಕ್ಷೆಯಲ್ಲಿ ನಾವೇ ಬರೆದಿದ್ವಿ: ಒತ್ತಡ 2 ಬಾರ್ ಇದ್ದಾಗ ನೀರು ಕುದಿಯೋದು ಸುಮಾರು 120 ಡಿಗ್ರಿಗೆ. ಮುಚ್ಚಳ ತೆಗೆದರೆ ಒತ್ತಡ ಒಮ್ಮೆಲೇ ಬೀಳುತ್ತೆ, ಒಳಗಿನ ನೀರು ಅದೇ ಕ್ಷಣ ಉಗಿಯಾಗಿ ಮುಖಕ್ಕೆ ಹಾರುತ್ತೆ. ಅಡುಗೆಮನೆಯ ಕುಕ್ಕರಿನದೇ ಲೆಕ್ಕ. ಅಂಕ ಬಂದದ್ದು ಅಣ್ಣನಿಗೆ, ಹೊತ್ತಿಗೆ ನೆನಪಾದದ್ದು ತಂಗಿಗೆ. ಒಂದು ತಾಸು ಕಾದು, ತಣ್ಣಗಾದ ಮೇಲೆ ನೀರು ಹಾಕಿ, ಮೆಲ್ಲಗೆ ಹುಕ್ಕೇರಿ ಮುಟ್ಟಿದ್ವಿ.

ಅಲ್ಲಿ ಮಾಮಾ ಒಬ್ಬ ವಯಸ್ಸಾದ ಮಿಸ್ತ್ರಿ ಹತ್ತಿರ ಕರೆದೊಯ್ದ್ರು. ಅವರ ಮೊದಲ ಪ್ರಶ್ನೆ: "ತಮ್ಮಾ, ಸೋರತೈತೋ, ಜಿನಗತೈತೋ?" ಇಂಗ್ಲಿಷ್ ಮೀಡಿಯಂ ನಮಗೆ ಎರಡೂ ಲೀಕೇ. ಸೋರಿದ್ರೆ ಕೆಳಗೆ ಕಾಣತೈತಿ, ಜಿನುಗಿದ್ದು ಬಿಸಿ ಎಂಜಿನ್ ಮೇಲೇ ಆರಿಹೋಗತೈತಿ, ಒಳಗೇ ಹೋದ್ರೆ ಅದೂ ಕಾಣಂಗಿಲ್ಲ ಅಂತ ಬಿಡಿಸಿ ಹೇಳಿದ್ರು. ಆಮೇಲೆ ಅಪ್ಪನ ಕಡೆ ತಿರುಗಿ, "ಅಣ್ಣಾರ, ಸುಮ್ನ ನೀರು ಹಾಕೋದು ಬಿಡ್ರಿ. ಮೊದಲ ಅಳೀರಿ" ಅಂದ್ರು.

ಡಬ್ಬಿಗೆ ಟೇಪ್ ಅಂಟಿಸಿ ಪೆನ್ನಿನಿಂದ ಗೆರೆ ಹಾಕಿದ್ವಿ. ದಿನಾ ಬೆಳಗ್ಗೆ ಎಂಜಿನ್ ತಣ್ಣಗಿದ್ದಾಗ ನೋಡೋದು, ಕಿಲೋಮೀಟರ್ ಬರೆಯೋದು, ಇಳಿದಷ್ಟನ್ನು ಅಳತೆ ಮಾಡಿ ಹಾಕೋದು. 8 ದಿನ, 400 ಕಿಲೋಮೀಟರ್, ಅರ್ಧ ಲೀಟರಿಗಿಂತ ಸ್ವಲ್ಪ ಹೆಚ್ಚು. ಗಾಡಿ ನಿಂತ ದಿನ ಗೆರೆ ಕದಲಲಿಲ್ಲ.

ಆ ಪುಸ್ತಕ ಹಿಡಿದು ಮತ್ತೆ ಹುಕ್ಕೇರಿಗೆ ಹೋದ್ವಿ. ಮಿಸ್ತ್ರಿ ತಣ್ಣಗಿನ ಎಂಜಿನ್‌ಗೆ ಕೈಪಂಪಿನಿಂದ 1 ಬಾರ್ ಒತ್ತಡ ಕೊಟ್ರು. ಮೀಟರಿನ ಮುಳ್ಳು ನಿಧಾನವಾಗಿ ಇಳೀತು, ಹೊರಗೆ ಎಲ್ಲೂ ಒದ್ದೆ ಇಲ್ಲ. ಮುಚ್ಚಳ ಬೇರೆ ಪರೀಕ್ಷಿಸಿದ್ರು, ಸರಿ ಇತ್ತು. ಕಾಲಡಿಯ ಮ್ಯಾಟ್ ಎತ್ತಿ ಕೈಯಾಡಿಸಿದ್ರು, ಒಣಗಿತ್ತು. ಅಂದ್ರೆ ಹೀಟರ್ ಸರಿ. ಆಯಿಲ್‌ನಲ್ಲಿ ಹಾಲಿನಂಥ ಬಣ್ಣ ಇಲ್ಲ. ಕೊನೆಗೆ ಎಂಜಿನ್ ಚಾಲೂ ಮಾಡಿ, ಕೂಲಂಟ್ ಡಬ್ಬಿಯೊಳಗಿನ ಗಾಳಿಯನ್ನು ಒಂದು ನೀಲಿ ದ್ರವದಲ್ಲಿ ಹಾಯಿಸಿದ್ರು. ಹೆಡ್ ಗ್ಯಾಸ್ಕೆಟ್ ಹೋಗಿ ಸಿಲಿಂಡರಿನ ಹೊಗೆ ಬರ್ತಿದ್ರೆ ಅದರ ಬಣ್ಣ ಬದಲಾಗಬೇಕು. ಬಹಳ ಹೊತ್ತು ನೋಡಿದ್ವಿ. ನೀಲಿಯಾಗೇ ಉಳೀತು. ಅಪ್ಪ ಅಲ್ಲೇ ಟೈರಿನ ಮೇಲೆ ಕೂತು ಚಹಾ ತರಿಸಿದ್ರು.

ಉಳಿದದ್ದು ಇಜಿಆರ್ ಕೂಲರ್. ಡೀಸೆಲ್ ಗಾಡಿಯಲ್ಲಿ ಹೊಗೆಯ ಒಂದು ಪಾಲನ್ನು ತಣ್ಣಗೆ ಮಾಡಿ ವಾಪಸ್ ಎಂಜಿನ್ನಿಗೆ ಕಳಿಸೋ ಪೆಟ್ಟಿಗೆ ಅದು. ತೆಳು ಗೋಡೆಯ ಒಂದು ಕಡೆ ಸುಡುವ ಹೊಗೆ, ಇನ್ನೊಂದು ಕಡೆ ಕೂಲಂಟ್. ಪೈಪು ಬಿಚ್ಚಿದಾಗ ಒಣಗಿರಬೇಕಾದ ಮಸಿ ಕೆಸರಿನಂತೆ ಒದ್ದೆಯಾಗಿತ್ತು. ಪೆಟ್ಟಿಗೆ ಹೊರತೆಗೆದು, ಕೂಲಂಟ್ ಬಾಯಿಗೆ ಗಾಳಿ ಕೊಟ್ಟು ನೀರಿನ ಬುಟ್ಟಿಯಲ್ಲಿ ಮುಳುಗಿಸಿದ್ರು. ಸೈಕಲ್ ಟ್ಯೂಬಿನ ಪಂಕ್ಚರ್ ನೋಡಿದಂಗೆ. ಹೊಗೆಯ ಬಾಯಿಯಿಂದ ಸಣ್ಣ ಗುಳ್ಳೆಗಳ ಸಾಲು ಬಂತು. ಕೂಲಂಟ್ ಹನಿಹನಿಯಾಗಿ ಎಂಜಿನ್ ಸೇರಿ, ಉಗಿಯಾಗಿ ಸೈಲೆನ್ಸರಿನಿಂದ ಹೊರಗೆ ಹೋಗ್ತಿತ್ತು. ಚಳಿಗಾಲದ ಬೆಳಗಿನ ಬಿಳಿ ಹೊಗೆಯನ್ನು ನಾವು ಮಂಜು ಅಂದುಕೊಂಡಿದ್ವಿ.

ಹೊಸ ಕೂಲರ್, ಹೊಸ ಗ್ಯಾಸ್ಕೆಟ್. ಹಳೇ ನೀರು ಪೂರ್ತಿ ಚೆಲ್ಲಿ, ಕೂಲಂಟ್ ಮತ್ತು ಡಿಸ್ಟಿಲ್ಡ್ ವಾಟರ್ ಅರ್ಧರ್ಧ ತುಂಬಿ, ಹೀಟರ್ ಹಾಕಿ ಗಾಳಿ ತೆಗೆದ್ರು. ಎಂಜಿನ್ ಬಿಚ್ಚೋ ಖರ್ಚಿನ ಅರ್ಧವೂ ಆಗಲಿಲ್ಲ. ಚೆಲ್ಲಿದ ನೀರು ಕಂದು ಬಣ್ಣಕ್ಕಿತ್ತು. ಬೋರಿನ ಗಡಸು ನೀರು ಒಳಗೆ ಪದರು ಕಟ್ಟುತ್ತೆ, ಕೂಲಂಟಿನ ತುಕ್ಕು ತಡೆಯೋ ಶಕ್ತಿಯೂ ತೆಳುವಾಗುತ್ತೆ. ಅಪ್ಪ ಅದನ್ನೇ ನೋಡ್ತಾ, "ಹಾಕಿ ಹಾಕಿ ನಾವ ಮುಚ್ಚಿಟ್ಟಿದ್ವಿ" ಅಂದ್ರು. ನಾವೂ ಹಾಗೇ ಅಲ್ವಾ? ಇಂಟರ್ನಲ್ಸ್‌ನಲ್ಲಿ ಕಡಿಮೆ ಬಂದ್ರೆ ಹಿಂದಿನ ರಾತ್ರಿ ಒಂದಿಷ್ಟು ಸುರಿದುಕೊಂಡು ಪಾಸಾಗ್ತೀವಿ. ಎಲ್ಲಿ ಜಿನುಗ್ತಿದೆ ಅಂತ ನೋಡೋದಿಲ್ಲ.

ಟೇಪಿನ ಗೆರೆ ಇನ್ನೂ ಇದೆ. ಹಾಸ್ಟೆಲಿಗೆ ಫೋನ್ ಮಾಡಿದಾಗ "ಊಟ ಆತೇನು" ಅಂದ ಮೇಲೆ ಅಪ್ಪ ಒಂದು ಮಾತು ಸೇರಿಸ್ತಾರೆ: "ಗೆರಿ ಅಲ್ಲೇ ಐತಿ ನೋಡು."