ಮೊದಲು ತಿಳಿಯಬೇಕಾದವರು ಯಾರು?

ಕಂಪೆನಿಗಳ ವಿಲೀನ, ಸಿಬ್ಬಂದಿ ಕಡಿತ ಇವೆಲ್ಲ ಪತ್ರಿಕೆಯ ವಾಣಿಜ್ಯ ಪುಟದ ಸುದ್ದಿಗಳೆಂದು ನೀವು ಭಾವಿಸಿರಬಹುದು. ಆದರೆ ಓದುಗರೇ, ಅವು ನಮ್ಮ ಮನೆಯೊಳಗೂ ಬರುತ್ತವೆ. ಚೆನ್ನಾಗಿ ಓದುತ್ತಿದ್ದ ನನ್ನ ವಿದ್ಯಾರ್ಥಿಯೊಬ್ಬ ಕೆಲವು ದಿನ ಮಂಕಾಗಿದ್ದ. ಕಾರಣ ಕೇಳಿದೆ. "ಉಸ್ತಾದ್, ಉಪ್ಪನ ಕಂಪೆನಿಯನ್ನು ಯಾರೋ ತೆಗೆದುಕೊಂಡಿದ್ದಾರಂತೆ. ನಾವು ಊರು ಬಿಡಬೇಕಾಗುತ್ತದಾ?" ಎಂದ. ಅವನ ತಂದೆಗೂ ಉತ್ತರ ಗೊತ್ತಿರಲಿಲ್ಲ. ಮೇಲಿನವರು ಏನೂ ಹೇಳಿರಲಿಲ್ಲ. ಕ್ಯಾಂಟೀನಿನಲ್ಲಿ ಕಿವಿಗೆ ಬಿದ್ದ ಮಾತೇ ಅವರಿಗೆ ಆಧಾರವಾಗಿತ್ತು.

ಬದಲಾವಣೆ ಅನಿವಾರ್ಯವಿರಬಹುದು. ಆದರೆ ಹೇಳಬೇಕಾದವರು ಸುಮ್ಮನಿದ್ದರೆ ಆ ಜಾಗವನ್ನು ಗಾಳಿಸುದ್ದಿ ತುಂಬುತ್ತದೆ.

ಕರಾವಳಿಯವರಿಗೆ ವಿಲೀನದ ಅನುಭವ ಹೊಸದಲ್ಲ. 1906ರಲ್ಲಿ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಸ್ಥಾಪಿಸಿದ ಬ್ಯಾಂಕೇ ಮುಂದೆ ಕಾರ್ಪೊರೇಶನ್ ಬ್ಯಾಂಕ್ ಆಯಿತು. ಹತ್ತು ಸರಕಾರಿ ಬ್ಯಾಂಕುಗಳನ್ನು ನಾಲ್ಕಾಗಿಸುವ ನಿರ್ಧಾರವನ್ನು ಕೇಂದ್ರ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ 2019ರ ಆಗಸ್ಟ್ 30ರಂದು ಪ್ರಕಟಿಸಿದರು. 2020ರ ಏಪ್ರಿಲ್ 1ರಂದು ಕಾರ್ಪೊರೇಶನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲಿಯೂ ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿಯೂ ವಿಲೀನವಾದವು. ಒಬ್ಬರ ಉದ್ಯೋಗವೂ ಹೋಗದೆಂದು ಸಚಿವೆ ಭರವಸೆ ನೀಡಿದ್ದರು. ಅದು ಅಗತ್ಯವಾದ ಮಾತೇ. ಆದರೆ ಇಂತಹ ಸಂದರ್ಭದಲ್ಲಿ ನೌಕರನ ಪ್ರಶ್ನೆ ಅದೊಂದೇ ಅಲ್ಲ. ನನ್ನ ಶಾಖೆ ಉಳಿಯುವುದೇ? ವರ್ಗಾವಣೆ ಎಲ್ಲಿಗೆ? ಬಡ್ತಿಯ ಗತಿಯೇನು? ಮಕ್ಕಳ ಶಾಲೆ?

ಹೇಳುವ ರೀತಿಯಲ್ಲಿಯೂ ಎಷ್ಟು ಅಂತರವಿದೆ ನೋಡಿ. 2021ರ ಡಿಸೆಂಬರಿನಲ್ಲಿ ಅಮೆರಿಕದ ಗೃಹಸಾಲ ಕಂಪೆನಿ ಬೆಟರ್ ಡಾಟ್ ಕಾಮ್‌ನ ಮುಖ್ಯಸ್ಥ ವಿಶಾಲ್ ಗರ್ಗ್ ಸುಮಾರು 900 ಮಂದಿಯನ್ನು ಝೂಮ್ ಕರೆಯೊಂದರಲ್ಲಿ ಕೆಲವೇ ನಿಮಿಷಗಳಲ್ಲಿ ಕೆಲಸದಿಂದ ತೆಗೆದರು. ಆ ರೀತಿಗಾಗಿ ಬಳಿಕ ಕ್ಷಮೆ ಕೇಳಬೇಕಾಯಿತು. 2020ರ ಮೇ ತಿಂಗಳಲ್ಲಿ ಏರ್‌ಬಿಎನ್‌ಬಿ ಕಂಪೆನಿ ಸುಮಾರು 1,900 ಮಂದಿಯನ್ನು, ಅಂದರೆ ನೌಕರರಲ್ಲಿ ಕಾಲುಭಾಗವನ್ನು ಕೈಬಿಟ್ಟಿತು. ಅದರ ಮುಖ್ಯಸ್ಥ ಬ್ರಯಾನ್ ಚೆಸ್ಕಿ ಬರೆದ ದೀರ್ಘ ಪತ್ರದಲ್ಲಿ ಕಡಿತಕ್ಕೆ ಕಾರಣವೇನು, ಆಯ್ಕೆ ಹೇಗೆ ನಡೆಯಿತು, ಪರಿಹಾರ ಮತ್ತು ಆರೋಗ್ಯ ವಿಮೆ ಎಷ್ಟು ಸಿಗುತ್ತದೆ ಎಂಬುದೆಲ್ಲ ಇತ್ತು. ಕೆಲಸ ಹೋದ ನೋವು ಇಬ್ಬರದ್ದೂ ಒಂದೇ. ಆದರೆ ಎರಡನೆಯವರಿಗೆ ಮರುದಿನದ ಲೆಕ್ಕ ಹಾಕಲು ಏನಾದರೂ ಕೈಯಲ್ಲಿತ್ತು.

ನಿಮ್ಮ ಅಂಗಡಿಯಲ್ಲಿ ಇಬ್ಬರೇ ದುಡಿಯುತ್ತಿದ್ದರೂ ಇದು ನಿಮಗೂ ಅನ್ವಯಿಸುತ್ತದೆ. ಅಂಗಡಿ ಮಾರುವ, ಸ್ಥಳಾಂತರಿಸುವ ಯೋಚನೆ ಖಚಿತವಾದೊಡನೆ ಅವರನ್ನು ಕರೆದು ನೀವೇ ಹೇಳಿ. ತೀರ್ಮಾನವಾದದ್ದನ್ನು ಸ್ಪಷ್ಟವಾಗಿ ತಿಳಿಸಿ. ಆಗದಿರುವುದನ್ನು ಆಗಿಲ್ಲವೆಂದೇ ಹೇಳಿ, ಎಂದು ತಿಳಿಸುವಿರೆಂದು ದಿನ ಗೊತ್ತುಮಾಡಿ. ಅವರ ಪ್ರಶ್ನೆಗಳನ್ನು ತಾಳ್ಮೆಯಿಂದ ಕೇಳಿ. ಗಿರಾಕಿಯ ಬಾಯಿಂದ ಅವರಿಗೆ ಈ ಸುದ್ದಿ ತಿಳಿಯುವಂತಾಗಬಾರದು. ಅವರ ಸಂಬಳವನ್ನೇ ನಂಬಿರುವ ಒಂದು ಮನೆ, ಅಲ್ಲಿ ಶಾಲೆಗೆ ಹೋಗುವ ಮಕ್ಕಳು ಇದ್ದಾರೆಂಬುದನ್ನು ಮರೆಯದಿರೋಣ.